ದೇವರೇ, ದೈವಮೇ, ಪಡಚ್ಚೋನೇ

ನಮ್ಮ ಊರುಗಳಲ್ಲಿ ನಡೆಯುವ ಭಾವೈಕ್ಯದ ಸಭೆಗಳಿಗೆ ಹೋಗಿ ಬರುವವರಿಗೆಲ್ಲ ಒಂದು ಉಪಮೆ ಬಾಯಿಪಾಠವಾಗಿರುತ್ತದೆ. ಕೆರೆ ಒಂದೇ, ಇಳಿಯುವ ಕಟ್ಟೆಗಳು ನಾಲ್ಕು. ಒಂದು ಕಟ್ಟೆಯಲ್ಲಿ ಇಳಿದವನು ಜಲವೆನ್ನುತ್ತಾನೆ, ಇನ್ನೊಂದರಲ್ಲಿ ಇಳಿದವನು ಪಾನಿಯೆನ್ನುತ್ತಾನೆ, ಮತ್ತೊಬ್ಬ ವಾಟರ್ ಎನ್ನುತ್ತಾನೆ. ಎಲ್ಲರೂ ಕುಡಿಯುವುದು ಅದೇ ನೀರನ್ನು. ಶ್ರೀರಾಮಕೃಷ್ಣ ಪರಮಹಂಸರ ಈ ಉಪಮೆ ಕಾಸರಗೋಡಿಗೆ ಬರುವಾಗ ಸ್ವಲ್ಪ ವೇಷ ಬದಲಿಸುತ್ತದೆ. ಇಲ್ಲಿ ನೀರು, ವೆಳ್ಳಂ, ಉದಕ, ಪಾನಿ ಎಂದು ಭಾಷಣಕಾರರು ಬೆರಳು ಮಡಚುತ್ತಾರೆ. ಸಪ್ತಭಾಷೆಗಳ ನಾಡಲ್ಲವೇ, ಹೆಸರುಗಳಿಗೆ ಬರವಿಲ್ಲ. ಸಭೆ ಚಪ್ಪಾಳೆ ತಟ್ಟುತ್ತದೆ. ಎಲ್ಲರೂ ಒಟ್ಟಿಗೆ ಚಹಾ ಕುಡಿದು ತಮ್ಮ ತಮ್ಮ ದೇವರ ಬಳಿಗೆ ಮರಳುತ್ತಾರೆ.

ಉಪಮೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅದರಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. ನೀರನ್ನು ಯಾರೂ ಕರೆಯುವುದಿಲ್ಲ. ಬಾವಿಕಟ್ಟೆಯಲ್ಲಿ ನಿಂತು ‘ನೀರೇ’ ಎಂದು ಎಷ್ಟು ಕೂಗಿದರೂ ಕೊಡ ತುಂಬದು. ನೀರಿನ ಹೆಸರು ಇರುವುದು ನಾವು ನಾವೇ ಮಾತಾಡಿಕೊಳ್ಳುವುದಕ್ಕೆ. ದೇವರ ಹೆಸರನ್ನಾದರೋ ಮನುಷ್ಯರು ಹೆಚ್ಚಾಗಿ ಬಳಸುವುದು ದೇವರ ಕುರಿತು ಮಾತಾಡುವಾಗ ಅಲ್ಲ, ದೇವರೊಡನೆ ಮಾತಾಡುವಾಗ. ಹಳೆಯ ವ್ಯಾಕರಣದ ಪಾಠ ನೆನಪಿರುವವರಿಗೆ ಹೀಗೆ ಹೇಳಬಹುದು: ಸಭೆಯ ಭಾಷಣ ಪ್ರಥಮಾ ವಿಭಕ್ತಿಯಲ್ಲಿ ನಡೆಯುತ್ತದೆ, ಜ್ವರದಲ್ಲಿ ಬೇಯುವ ಮಗುವಿನ ಪಕ್ಕ ಕೂತ ತಾಯಿಯ ಮಾತು ಸಂಬೋಧನೆಯಲ್ಲಿರುತ್ತದೆ. ಪ್ರಥಮೆಯಲ್ಲಿ ಒಂದರ ಬದಲು ಇನ್ನೊಂದು ಹೆಸರನ್ನು ಇಡಬಹುದು. ಸಂಬೋಧನೆಯಲ್ಲಿ ಅದು ಅಷ್ಟು ಸುಲಭವಲ್ಲ.

ಪರಮಹಂಸರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. 1866ರ ಸುಮಾರಿಗೆ ಅವರು ಕೆಲವು ದಿನ ಇಸ್ಲಾಮಿನ ಸಾಧನೆ ಮಾಡಿದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಆ ದಿನಗಳಲ್ಲಿ ಅವರು ಅಲ್ಲಾಹನ ನಾಮವನ್ನು ಜಪಿಸುತ್ತಿದ್ದರು, ಮುಸಲ್ಮಾನರಂತೆ ಬಟ್ಟೆ ಉಡುತ್ತಿದ್ದರು. ಹಿಂದೂ ದೇವತೆಗಳ ದರ್ಶನ ಮಾಡುವ ಮನಸ್ಸೇ ಅವರಿಗೆ ಆಗಲಿಲ್ಲವಂತೆ. ಗಮನಿಸಬೇಕಾದ್ದು ಈ ಕೊನೆಯ ಮಾತು. ಎರಡು ಹೆಸರೂ ಒಂದೇ ಎಂದು ಲೋಕಕ್ಕೆ ಹೇಳಿದವರು, ಕರೆಯುವ ಹೊತ್ತಿನಲ್ಲಿ ಎರಡನ್ನೂ ಒಟ್ಟಿಗೆ ಹಿಡಿಯಲಿಲ್ಲ. ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡರು. ಉಪಮೆಯನ್ನು ಎರವಲು ಪಡೆದ ನಾವು ಈ ಶ್ರಮವನ್ನು ಎರವಲು ಪಡೆಯಲಿಲ್ಲ.

ಅಂದ ಹಾಗೆ ನೀರಿನ ಹೆಸರುಗಳೂ ಭಾಷಣಕಾರರು ತಿಳಿದಷ್ಟು ಸಾಧುವಲ್ಲ. ಮಲಯಾಳಿಯ ಲೋಟದಲ್ಲಿರುವ ವೆಳ್ಳಂ ತಮಿಳನ ಕಿವಿಗೆ ಪ್ರವಾಹ!

ಈಗ ನಮ್ಮ ಮನೆಗಳಲ್ಲಿ ನಡೆಯುವ ಒಂದು ಸಂಗತಿಗೆ ಬರೋಣ. ಮಗು ಮಲಯಾಳಂ ಶಾಲೆಗೆ ಹೋಗುತ್ತದೆ. ಸಂಜೆ ಅಂಗಳದಲ್ಲಿ ಎಡವಿ ಬಿದ್ದಾಗ ಅದರ ಬಾಯಿಂದ ಹೊರಡುವುದು ‘ಎನ್ಟೆ ದೈವಮೇ’. ಚಾವಡಿಯಲ್ಲಿ ಕೂತ ಅಜ್ಜಿ ಬೆಚ್ಚುತ್ತಾಳೆ. ಮುಸ್ಸಂಜೆ ಹೊತ್ತಿನಲ್ಲಿ ದೈವವನ್ನು ಯಾಕೆ ಕರೆಯುತ್ತೀ ಮಗಾ ಎಂದು ಗದರಿಸುತ್ತಾಳೆ. ಅವಳ ಮಟ್ಟಿಗೆ ದೈವವೆಂದರೆ ಪಂಜುರ್ಲಿ, ಗುಳಿಗ, ವಿಷ್ಣುಮೂರ್ತಿ. ಅವುಗಳಿಗೆ ಸ್ಥಾನವಿದೆ, ಕಾಲವಿದೆ, ಕಟ್ಟಳೆಯಿದೆ, ನೆನೆದಾಗ ಕರೆಯುವಂತಿಲ್ಲ. ಮಗುವಿಗೆ ಈ ಗದರಿಕೆ ಅರ್ಥವಾಗುವುದಿಲ್ಲ. ಶಾಲೆಯಲ್ಲಿ ಬೆಳಗ್ಗೆ ಕೈಮುಗಿದು ಹೇಳಿದ ಶಬ್ದವೇ ಅಲ್ಲವೇ ಅದು?

ಚಂದ್ರಗಿರಿ ಹೊಳೆಯ ಆಚೆ ಈಚೆ ಈ ಒಂದು ಶಬ್ದ ಪಡುವ ಪಾಡು ನೋಡಿ. ಮಲಯಾಳಂನಲ್ಲಿ ದೈವಂ ಎಂದರೆ ಎಲ್ಲಕ್ಕೂ ಮೇಲಿನ ದೇವರು. ಹಿಂದುವಿಗೂ ಅದೇ, ಕ್ರೈಸ್ತರಿಗೂ ಅದೇ. ತುಳುವಿನಲ್ಲಿ, ತುಳುನಾಡಿನ ಕನ್ನಡದಲ್ಲಿ ದೈವ ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ. ಆದರೆ ನಮಗೆ ಹತ್ತಿರ. ನಾಡಿನ ಉಳಿದ ಕನ್ನಡದಲ್ಲಿ, ಪುಸ್ತಕದ ಕನ್ನಡದಲ್ಲಿ, ದೈವವೆಂದರೆ ವಿಧಿ. ದುರ್ದೈವ, ಸುದೈವ ಎನ್ನುತ್ತೇವೆ. ದೈವಾಧೀನರಾದರು ಎಂದರೆ ತೀರಿಕೊಂಡರು ಎಂದು ಅರ್ಥ. ಅದೇ ಶಬ್ದ ಮಲಯಾಳಂನಲ್ಲೇ ಇನ್ನೊಂದು ರೂಪ ತಾಳಿ ತೆಯ್ಯಂ ಆಗಿ ಚೆಂಡೆಯ ಸದ್ದಿಗೆ ಕುಣಿಯುತ್ತದೆ. ಹೀಗೆ ಒಂದೇ ಸಂಸ್ಕೃತ ಪದ ಪರಮಾತ್ಮ, ಭೂತ, ಹಣೆಬರಹ ಮೂರೂ ಆಗಿದೆ.

ಶ್ರೀನಾರಾಯಣ ಗುರುಗಳು 1914ರಲ್ಲಿ ರಚಿಸಿದ ದೈವದಶಕವನ್ನು ಮಲಯಾಳಂ ಬಲ್ಲ ಓದುಗರೆಲ್ಲ ಕೇಳಿದ್ದಾರೆ. ಅದಕ್ಕೆ ಎರಡು ವರ್ಷ ಮುಂಚೆ, 1912ರಲ್ಲಿ, ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದವರು ಅವರು. ಅಲ್ಲಿ ದೇವರಿಗೆ ಹೆಸರು ಬೇಕಿತ್ತು, ಇಟ್ಟರು. ಪ್ರಾರ್ಥನೆಯ ಮೊದಲ ಕರೆಯಲ್ಲಿ ಮಾತ್ರ ಶಿವನೆನ್ನಲಿಲ್ಲ, ವಿಷ್ಣುವೆನ್ನಲಿಲ್ಲ, ಬರೇ ದೈವವೆಂದು ಕರೆದರು. ಯಾರ ಮನೆಯ ಮುದ್ರೆಯೂ ಇಲ್ಲದ ಪದವನ್ನು ಹುಡುಕಿ ಆರಿಸಿದಂತಿದೆ ಅದು. ಆದರೆ ಆ ಹತ್ತು ಪದ್ಯಗಳನ್ನು ಕನ್ನಡಕ್ಕೆ ತರಹೊರಟವನು ಮೊದಲ ಸಂಬೋಧನೆಯಲ್ಲೇ ಎಡವುತ್ತಾನೆ. ‘ದೈವವೇ’ ಎಂದರೆ ಕನ್ನಡದಲ್ಲಿ ಅದು ಪ್ರಾರ್ಥನೆಯಾಗುವುದಿಲ್ಲ, ಗೋಳಾಗುತ್ತದೆ. ಎಲ್ಲರಿಗೂ ಸಲ್ಲುವ ಹೆಸರು ಕೂಡ ಒಂದು ಭಾಷೆಯ ಬೇಲಿಯೊಳಗೆ ಮಾತ್ರ ಎಲ್ಲರಿಗೂ ಸಲ್ಲುತ್ತದೆ.

ಬಾಸೆಲ್ ಮಿಷನ್ನಿನ ಪಾದ್ರಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಗುಂಡರ್ಟ್ ತಲಶ್ಶೇರಿಯಲ್ಲಿ ನೆಲೆಸಿದ್ದು 1839ರಲ್ಲಿ. ಒಂದೇ ಮಿಷನ್, ಒಂದೇ ಕರಾವಳಿ. ತಲಶ್ಶೇರಿಯಲ್ಲಿ ಬೈಬಲಿನ ದೇವರು ‘ದೈವಂ’ ಆದರೆ ಮಂಗಳೂರಿನಲ್ಲಿ ‘ದೇವರು’ ಆದನು. ಇಲ್ಲಿ ದೈವವೆಂದಿದ್ದರೆ ಕೇಳಿದವರು ಯಾವ ಸ್ಥಾನದ ದೈವ ಎಂದು ವಿಚಾರಿಸುತ್ತಿದ್ದರು. ಮುಂದೆ ಎ. ಸಿ. ಬರ್ನೆಲ್ ಎಂಬ ಇಂಗ್ಲಿಷ್ ನ್ಯಾಯಾಧೀಶರು ಸಂಗ್ರಹಿಸಿದ ತುಳು ಪಾಡ್ದನಗಳು 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾದಾಗ, ಅವುಗಳಿಗೆ ಕೊಟ್ಟ ಶೀರ್ಷಿಕೆ ತುಳುವರ ಪಿಶಾಚಾರಾಧನೆ ಎಂಬ ಅರ್ಥದ್ದು. ತಲಶ್ಶೇರಿಯಲ್ಲಿ ಪವಿತ್ರ ಗ್ರಂಥದ ಕರ್ತೃಪದವಾದದ್ದೇ ಇಲ್ಲಿ ಇಂಗ್ಲಿಷಿನ ಪಿಶಾಚಿಯಾಯಿತು. ಇದು ಹೊಸ ಕಥೆಯೇನೂ ಅಲ್ಲ. ನಮ್ಮ ‘ದೇವ’ ಪಾರಸಿಗಳ ಅವೆಸ್ತದಲ್ಲಿ ರಾಕ್ಷಸ, ಅವರ ದೇವರಾದ ‘ಅಹುರ’ ನಮ್ಮಲ್ಲಿ ಅಸುರ. ನೆರೆಯವನ ದೇವರನ್ನು ಕೆಳಗಿಳಿಸಲು ಅವನ ಹೆಸರನ್ನೇ ಉಪಯೋಗಿಸುವುದು ಬಹಳ ಹಳೆಯ ಉಪಾಯ.

ವ್ಯಾಕರಣದ ಮಾತು ಎತ್ತಿದೆನಾದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಕನ್ನಡದಲ್ಲಿ ‘ದೇವರು ದೊಡ್ಡವನು’ ಎನ್ನುತ್ತೇವೆ. ಹೆಸರಿಗೆ ಬಹುವಚನ, ವಿಧೇಯಕ್ಕೆ ಏಕವಚನ. ದೂರದಿಂದ ಗೌರವ, ಹತ್ತಿರ ಬಂದಾಗ ಸಲಿಗೆ. ತುಳುವಿನಲ್ಲಿ ‘ದೇವೆರ್ ಉಲ್ಲೆರ್’ ಎಂದು ಕೊನೆಯವರೆಗೂ ಗೌರವ ಬಿಡುವುದಿಲ್ಲ. ಮಲಯಾಳಂನ ಕ್ರಿಯಾಪದಕ್ಕೆ ಲಿಂಗವಿಲ್ಲ, ವಚನವಿಲ್ಲ. ‘ದೈವಂ ಕಾಕ್ಕುಂ’ ಎಂದರೆ ಕಾಯುವವನು ಅವನೋ ಅವಳೋ ಅದೋ ಎಂಬುದು ತಿಳಿಯುವುದಿಲ್ಲ. ತತ್ತ್ವಜ್ಞಾನಿಗಳು ಗ್ರಂಥಗಟ್ಟಲೆ ಚರ್ಚಿಸಿದ ಪ್ರಶ್ನೆಯನ್ನು ಮಲಯಾಳಿ ಮಗು ತಿಳಿಯದೆಯೇ ದಾಟಿಬಿಡುತ್ತದೆ. ನಮ್ಮ ಮಕ್ಕಳು ಎರಡು ಭಾಷೆಗಳಲ್ಲಿ ಪ್ರಾರ್ಥಿಸುವಾಗ ಕಲಿಯುವುದು ಎರಡು ಶಬ್ದಗಳನ್ನು ಮಾತ್ರವಲ್ಲ, ದೇವರ ಎದುರು ನಿಲ್ಲುವ ಎರಡು ರೀತಿಗಳನ್ನು.

ಎಲ್ಲ ಹೆಸರುಗಳ ಹಿಂದೆಯೂ ಇಂತಹ ಒಂದು ನಿಲುವು ಇದೆ. ಮಲಯಾಳಂನ ‘ತಂಬುರಾನ್’ ಎಂಬ ಪದವನ್ನು ತೆಗೆದುಕೊಳ್ಳಿ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ದೇವರನ್ನು ಹಾಗೆ ಕರೆಯುವುದುಂಟು. ಭಾವೈಕ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ ಎಂದು ಯಾರಾದರೂ ಕೇಳಬಹುದು. ಆದರೆ ಆ ಪದ ಮೊದಲು ಯಾರ ಬಾಯಲ್ಲಿ ಯಾರಿಗೆ ಸಲ್ಲುತ್ತಿತ್ತು? ಗದ್ದೆಯ ಕೆಸರಿನಲ್ಲಿ ನಿಂತವನು ಏರಿಯ ಮೇಲೆ ನಿಂತವನನ್ನು ಕರೆಯುತ್ತಿದ್ದ ಹೆಸರು ಅದು. ನಮ್ಮ ಒಡೆಯ, ಧಣಿ, ಸ್ವಾಮಿ ಎಲ್ಲವೂ ಅದೇ ಜಾತಿಯವು. ಚಾಲಗೇಣಿಯ ಒಕ್ಕಲು ವರ್ಷ ವರ್ಷವೂ ಧಣಿಗಳ ಅಂಗಳದಲ್ಲಿ ಕೈಕಟ್ಟಿ ನಿಂತು ಆಡುತ್ತಿದ್ದ ಮಾತಿಗೂ ದೇವರ ನಡೆಯಲ್ಲಿ ಆಡುತ್ತಿದ್ದ ಮಾತಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿಯೇ ಹೋಯಿತು. ಭೂಮಿಯ ತಂಬುರಾನ್ ಇಳಿದ, ಆಕಾಶದ ತಂಬುರಾನ್ ಉಳಿದ. ಅರಬ್ಬಿಯ ರಬ್ಬ್, ಹೀಬ್ರೂವಿನ ಅದೋನಾಯ್, ಕ್ರೈಸ್ತರ ಕರ್ತ ಎಲ್ಲದರಲ್ಲಿಯೂ ಯಜಮಾನನ ನೆರಳಿದೆ. ಇದಕ್ಕೆ ಬೇಸತ್ತ ಭಕ್ತರೂ ಇದ್ದರು. ಬೈಬಲಿನ ಹೋಶೇಯ ಎಂಬ ಪ್ರವಾದಿಯ ಗ್ರಂಥದಲ್ಲಿ, ಇನ್ನು ಮುಂದೆ ನನ್ನನ್ನು ‘ಬಾಅಲ್’ ಎನ್ನಬೇಡಿ, ನನ್ನ ಗಂಡ ಎನ್ನಿ ಎಂಬ ಅರ್ಥದ ಮಾತು ದೇವರದ್ದಾಗಿ ಬರುತ್ತದೆ. ಬಾಅಲ್ ಎಂದರೂ ಗಂಡನೇ. ಆದರೆ ಒಡೆಯನೆಂಬ ಅರ್ಥದ ಗಂಡ, ಮೇಲಾಗಿ ನೆರೆಯ ಜನರ ದೇವರ ಹೆಸರು ಕೂಡ. ಎರಡೂ ಒಂದೇ ಅಲ್ಲವೇ ಎಂದು ಆ ಪ್ರವಾದಿಯನ್ನು ಕೇಳುವ ಧೈರ್ಯ ನನಗಂತೂ ಇಲ್ಲ.

ಹಾಗಾದರೆ ದೇವರು ಒಬ್ಬನೇ ಎಂಬುದು ಸುಳ್ಳೇ? ಅಲ್ಲ. ಒಂದು ಕೂಡುಕುಟುಂಬದ ಹೆಂಗಸನ್ನು ನೆನೆಯಿರಿ. ಒಬ್ಬ ಅವಳನ್ನು ಅಮ್ಮ ಎನ್ನುತ್ತಾನೆ, ಇನ್ನೊಬ್ಬ ಅತ್ತಿಗೆ ಎನ್ನುತ್ತಾನೆ, ಮೈದುನನ ಮಕ್ಕಳು ದೊಡ್ಡಮ್ಮ ಎನ್ನುತ್ತಾರೆ, ಶಾಲೆಯ ಮಕ್ಕಳು ಟೀಚರ್ ಎನ್ನುತ್ತಾರೆ. ಹೆಂಗಸು ಒಬ್ಬಳೇ. ಆದರೆ ಅಮ್ಮ, ಅತ್ತಿಗೆ, ದೊಡ್ಡಮ್ಮ, ಟೀಚರ್ ಇವು ಸಮಾನಾರ್ಥಕ ಪದಗಳೆಂದು ಯಾವ ನಿಘಂಟೂ ಹೇಳುವುದಿಲ್ಲ. ಮನೆಗೆ ಬಂದ ಅತಿಥಿ, ‘ಹೇಗೂ ಎಲ್ಲವೂ ಒಬ್ಬಳ ಹೆಸರೇ, ನಾನೂ ಅಮ್ಮ ಎನ್ನುತ್ತೇನೆ’ ಎಂದರೆ ಅದು ಪ್ರೀತಿಯೋ ಅಧಿಕಪ್ರಸಂಗವೋ ಎಂದು ಮನೆಯವರು ಯೋಚಿಸಬೇಕಾಗುತ್ತದೆ. ಒಬ್ಬಳೆಂಬುದೂ ನಿಜ, ಹೆಸರುಗಳು ಒಂದಲ್ಲವೆಂಬುದೂ ನಿಜ.

ಕನ್ನಡದಲ್ಲಿ ಈ ಸತ್ಯವನ್ನು ವಚನಕಾರರು ಬದುಕಿ ತೋರಿಸಿದರು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮನಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ದಾಸಿಮಯ್ಯನಿಗೆ ರಾಮನಾಥ. ಎಲ್ಲರೂ ಶಿವನ ಭಕ್ತರೇ, ಹಲವರು ಒಂದೇ ಕಲ್ಯಾಣದಲ್ಲಿ ಕೂಡಿದವರು. ಆದರೂ ಒಬ್ಬರ ಹೆಸರನ್ನು ಇನ್ನೊಬ್ಬರು ಹಾಕಿಕೊಳ್ಳಲಿಲ್ಲ. ನಮ್ಮ ಸಾಹಿತ್ಯದಲ್ಲಿ ಅಂಕಿತವೆಂಬುದು ವಿಚಿತ್ರವಾದ ವಸ್ತು. ಅದು ದೇವರ ಹೆಸರು, ಆದರೆ ಅದನ್ನು ಕಂಡು ನಾವು ಗುರುತಿಸುವುದು ಭಕ್ತನನ್ನು. ಸಹಿ ಮಾಡಬೇಕಾದ ಜಾಗದಲ್ಲಿ ದೇವರನ್ನು ಕರೆದಿದ್ದಾರೆ. ಶಿಶುನಾಳ ಶರೀಫರು ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಗೋವಿಂದಭಟ್ಟರ ಶಿಷ್ಯರಾಗಿ, ಶಿಶುನಾಳಾಧೀಶನೆಂದು ಊರಿನ ಹೆಸರಿನಿಂದ ದೇವರನ್ನು ಕರೆದರು. ಅಲ್ಲಿ ಎರಡು ಮತಗಳ ಬೆರಕೆ ಆಯಿತೆಂದು ಹೇಳುವುದಕ್ಕಿಂತ, ಒಬ್ಬ ಮನುಷ್ಯನಿಗೆ ಕರೆಯಲು ತನ್ನದೇ ಒಂದು ಹೆಸರು ಸಿಕ್ಕಿತೆಂದು ಹೇಳುವುದು ಹೆಚ್ಚು ಸರಿ.

ಊರಿನ ಹೆಸರಿನಿಂದ ದೇವರನ್ನು ಕರೆಯುವುದು ನಮಗೂ ಹೊಸದಲ್ಲ. ಮಧೂರಿನ ಗರ್ಭಗುಡಿಯಲ್ಲಿರುವುದು ಮದನಂತೇಶ್ವರ, ಅಂದರೆ ಶಿವ. ಜನ ಹರಕೆ ಹೊರುವುದು ಮಧೂರು ಗಣಪತಿಗೆ. ಮದರು ಎಂಬ ಮೊಗೇರ ಹೆಂಗಸಿಗೆ ಲಿಂಗ ಕಾಣಿಸಿತು, ಅವಳಿಂದಲೇ ಊರಿಗೆ ಆ ಹೆಸರು ಬಂತು ಎಂಬುದು ಐತಿಹ್ಯ. ಐತಿಹ್ಯ ನಿಜವೇ ಆದರೆ ಅದರಲ್ಲಿ ನಗುವಂತಹದೂ ಅಳುವಂತಹದೂ ಇದೆ. ಅವಳ ಹೆಸರು ದೇವರ ಹೆಸರಿಗೆ ಅಂಟಿಕೊಂಡಿತು. ಅವಳ ಕುಲದವರು ಮಾತ್ರ 1947ರ ಮದ್ರಾಸ್ ದೇವಾಲಯ ಪ್ರವೇಶ ಕಾಯಿದೆ ಬರುವವರೆಗೆ ನಾಡಿನ ಗುಡಿಗಳ ಹೊರಗೇ ನಿಲ್ಲಬೇಕಾಯಿತು. ಹೊರಗೆ ನಿಂತವರಿಗೆ ಉಳಿಯುವುದು ಕರೆಯುವ ಹೆಸರೊಂದೇ. ಅದನ್ನೂ ‘ಯಾವುದಾದರೇನು’ ಎಂದು ಅಲ್ಲಗಳೆಯುವವರು ಒಳಗೆ ಕೂತವರೇ ಇರಬೇಕು.

ಕರೆಯದಿರುವುದೂ ಒಂದು ಕರೆಯುವ ರೀತಿಯೇ. ನಮ್ಮ ಅಜ್ಜಿಯಂದಿರು ಗಂಡನ ಹೆಸರು ಹೇಳುತ್ತಿರಲಿಲ್ಲ. ಜನಗಣತಿಯವರು ಬಂದಾಗ ಪಕ್ಕದ ಮನೆಯ ಹುಡುಗನಿಂದ ಹೇಳಿಸುತ್ತಿದ್ದರು. ಯೆಹೂದ್ಯರು ದೇವರ ನಾಲ್ಕಕ್ಷರದ ಹೆಸರನ್ನು ಬರೆಯುತ್ತಾರೆ, ಓದುವುದಿಲ್ಲ. ಅದು ಬಂದಲ್ಲಿ ಅದೋನಾಯ್, ನನ್ನೊಡೆಯ ಎಂದು ಓದುತ್ತಾರೆ. ಮನೆಮಾತಿನಲ್ಲಿ ಅದೂ ಹೆಚ್ಚಾಯಿತೆಂದು ‘ಹಾಶೆಮ್’, ಅಂದರೆ ‘ಆ ಹೆಸರು’ ಎನ್ನುತ್ತಾರೆ. ಜೆರುಸಲೇಮಿನ ದೇವಾಲಯದಲ್ಲಿ ಪ್ರಾಯಶ್ಚಿತ್ತದ ದಿನ ಮಹಾಯಾಜಕನ ಬಾಯಿಂದ ಆ ಹೆಸರು ಕೇಳಿಬರುತ್ತಿತ್ತೆಂದು ಹೇಳುತ್ತಾರೆ. ಕ್ರಿಸ್ತಶಕ 70ರಲ್ಲಿ ದೇವಾಲಯ ನಾಶವಾದ ಮೇಲೆ ಆ ಉಚ್ಚಾರವೂ ನಿಂತುಹೋಯಿತು. ಬರೆದ ನಾಲ್ಕು ವ್ಯಂಜನಗಳಿಗೆ ಅದೋನಾಯ್ ಶಬ್ದದ ಸ್ವರಗಳನ್ನು ಸೇರಿಸಿ ಓದಿದ್ದರಿಂದ ಹುಟ್ಟಿದ್ದೇ ನಮ್ಮ ಕನ್ನಡ ಸತ್ಯವೇದದ ‘ಯೆಹೋವ’. ಹೇಳಬಾರದ ಹೆಸರು ಮಂಗಳೂರಿನ ಅಚ್ಚುಮೊಳೆಯಲ್ಲಿ ಹಾಯಾಗಿ ಕುಳಿತಿತು. ಕಥೋಲಿಕರ ಕನ್ನಡ ಬೈಬಲು ಅಲ್ಲಿ ‘ಸರ್ವೇಶ್ವರ’ ಎನ್ನುತ್ತದೆ. 2008ರಲ್ಲಿ ವ್ಯಾಟಿಕನ್, ಪೂಜೆಯಲ್ಲಿ ಆ ನಾಲ್ಕಕ್ಷರದ ಹೆಸರನ್ನು ಉಚ್ಚರಿಸಬಾರದೆಂದು ಎಲ್ಲ ಬಿಷಪರಿಗೆ ಪತ್ರ ಬರೆಯಿತು. ಇನ್ನೊಬ್ಬರ ಮೌನವನ್ನು ಗೌರವಿಸಲು ಇಷ್ಟು ಶತಮಾನ ಬೇಕಾಯಿತು.

ಇಷ್ಟು ಹೊತ್ತು ಹೆಸರುಗಳು ಒಂದಲ್ಲ ಎಂದು ವಾದಿಸಿದೆ. ಈ ವಾದ ತಪ್ಪು ಕೈಗೆ ಬಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಮಲೇಷಿಯಾದಲ್ಲಿ ಅದು ನ್ಯಾಯಾಲಯದ ಮೆಟ್ಟಿಲು ಹತ್ತಿತು. ಅಲ್ಲಿನ ಮಲಯ್ ಮಾತಾಡುವ ಕ್ರೈಸ್ತರು, ಮುಖ್ಯವಾಗಿ ಸಬಾ ಮತ್ತು ಸರವಾಕ್ ಸೀಮೆಯವರು, ತಲೆಮಾರುಗಳಿಂದ ದೇವರನ್ನು ‘ಅಲ್ಲಾ’ ಎಂದೇ ಕರೆಯುತ್ತಾ ಬಂದಿದ್ದಾರೆ. ಅರಬ್ ದೇಶದ ಕ್ರೈಸ್ತರು ಕರೆಯುವುದೂ ಹಾಗೆಯೇ, ಮಾಲ್ಟಾ ದ್ವೀಪದ ಕಥೋಲಿಕರು ಕರೆಯುವುದೂ ಹಾಗೆಯೇ. ಆದರೆ 1986ರ ಒಂದು ಸರಕಾರಿ ಆದೇಶ ಈ ಪದವನ್ನು ಇಸ್ಲಾಮೇತರರ ಪ್ರಕಟಣೆಗಳಲ್ಲಿ ನಿಷೇಧಿಸಿತು. ‘ಹೆರಾಲ್ಡ್’ ಎಂಬ ಕಥೋಲಿಕ ವಾರಪತ್ರಿಕೆ ಮೊಕದ್ದಮೆ ಹೂಡಿತು. 2009ರ ಡಿಸೆಂಬರ್ 31ರಂದು ಹೈಕೋರ್ಟು ಪತ್ರಿಕೆಯ ಪರ ತೀರ್ಪಿತ್ತಿತು. ಮುಂದಿನ ವಾರವೇ ಇಗರ್ಜಿಗಳ ಮೇಲೆ ಬೆಂಕಿಬಾಂಬು ಬಿತ್ತು. 2013ರಲ್ಲಿ ಮೇಲಿನ ನ್ಯಾಯಾಲಯ ತೀರ್ಪನ್ನು ತಿರುಗಿಸಿತು, 2014ರಲ್ಲಿ ಅದಕ್ಕಿಂತ ಮೇಲಿನದು ಮನವಿಯನ್ನೇ ತಳ್ಳಿಹಾಕಿತು. ಸರವಾಕಿನ ಒಬ್ಬ ಕ್ರೈಸ್ತ ಮಹಿಳೆಯ ಧಾರ್ಮಿಕ ಸಿ.ಡಿ.ಗಳನ್ನು 2008ರಲ್ಲಿ ವಿಮಾನನಿಲ್ದಾಣದಲ್ಲಿ ವಶಪಡಿಸಿಕೊಂಡಿದ್ದರು. ಆಕೆಯ ದಾವೆಯಲ್ಲಿ 2021ರ ಮಾರ್ಚ್‌ನಲ್ಲಿ ಹೈಕೋರ್ಟು, ಆ ಹಳೆಯ ಆದೇಶವೇ ಕಾನೂನುಬಾಹಿರವೆಂದಿತು. 2023ರಲ್ಲಿ ಸರಕಾರ ತನ್ನ ಮೇಲ್ಮನವಿಯನ್ನು ಹಿಂತೆಗೆದುಕೊಂಡಿತು. ಒಂದು ಪದಕ್ಕಾಗಿ ಇಷ್ಟು ವರ್ಷ!

ಆ ಮೊಕದ್ದಮೆಯಲ್ಲ�� ನನ್ನನ್ನು ಕಾಡಿದ ಪ್ರಶ್ನೆ ಒಂದು. ಅಲ್ಲಿನ ಬಹುಸಂಖ್ಯಾತರು ಕ್ರೈಸ್ತರಿಗೆ ಕೇಳಿದ್ದು, ದೇವರಿಗೆ ಮಲಯ್‌ನಲ್ಲಿ ‘ತುಹಾನ್’ ಎಂಬ ಬೇರೆ ಪದವಿದೆಯಲ್ಲ, ಅದನ್ನು ಬಳಸಿದರೇನು ಎಂದು. ಅರ್ಥ ಅದೇ ಅಲ್ಲವೇ ಎಂದು. ಗಡಿನಾಡಿನಲ್ಲಿರುವ ನಮಗೆ ಈ ‘ಅದೇ ಅಲ್ಲವೇ’ಯ ಸ್ವರ ಪರಿಚಿತ. 2021ರ ಜೂನ್‌ನಲ್ಲಿ ಕಾಸರಗೋಡು, ಮಂಜೇಶ್ವರ ಕಡೆಯ ಊರುಗಳ ಕನ್ನಡ ಹೆಸರುಗಳು ಮಲಯಾಳಂಗೆ ತಿರುಗುತ್ತಿವೆ ಎಂಬ ಸುದ್ದಿ ಹಬ್ಬಿತು. ಕರ್ನಾಟಕದ ನಾಯಕರು ಪತ್ರ ಬರೆದರು, ಅಂತಹ ಯೋಜನೆಯೇ ಇಲ್ಲವೆಂದು ಕೇರಳ ಸರಕಾರ ಹೇಳಿತು, ಗದ್ದಲ ತಣ್ಣಗಾಯಿತು. ಆ ದಿನಗಳಲ್ಲಿ ಸಜ್ಜನರಾದ ಎಷ್ಟೋ ಮಲಯಾಳಿ ಮಿತ್ರರು, ಮಂಜೇಶ್ವರವೆಂದರೇನು, ಮಂಜೇಶ್ವರಂ ಎಂದರೇನು, ಎರಡೂ ಒಂದೇ ತಾನೇ ಎಂದು ಸಮಾಧಾನ ಹೇಳಿದರು. ಅವರ ಮನಸ್ಸು ಒಳ್ಳೆಯದೇ. ಆದರೆ ಎರಡೂ ಒಂದೇ ಎಂದು ಹೇಳಲು ಸುಲಭವಾಗುವುದು, ಫಲಕದ ಮೇಲೆ ಉಳಿಯುವ ಹೆಸರು ತನ್ನದಾಗಿರುವವನಿಗೆ. ಬೆಂಗಳೂರಿನಲ್ಲಿ ಕೂತ ಕನ್ನಡಿಗ ತುಳುವನಿಗೆ ಇದೇ ಮಾತು ಹೇಳುತ್ತಾನೆ. ‘ಅಲ್ಲಾ, ಯೇಸು ಎಲ್ಲವೂ ನಮ್ಮ ಪರಬ್ರಹ್ಮನ ನಾಮಗಳೇ’ ಎಂದು ವೇದಿಕೆಯಿಂದ ಸಾರುವ ಪಂಡಿತನೂ ಇದೇ ಮಾತು ಹೇಳುತ್ತಿದ್ದಾನೆ. ಔದಾರ್ಯವೇ ಹೌದು, ಆದರೆ ಕೇಳದೆ ಮಾಡಿದ ಔದಾರ್ಯ. ನಿನ್ನ ಹೆಸರು ಬೇರೆ, ನಾನು ಅದನ್ನು ಒಪ್ಪುವುದಿಲ್ಲ ಎಂದು ನೇರವಾಗಿ ಹೇಳುವ ಹಟಮಾರಿ ಮುಸ್ಲಿಯಾರನೋ ಪಾದ್ರಿಯೋ ಕೆಲವೊಮ್ಮೆ ನನಗೆ ಇವನಿಗಿಂತ ಪ್ರಾಮಾಣಿಕನಾಗಿ ಕಾಣುತ್ತಾನೆ. ಅವನು ಹೆಸರನ್ನು ಹೆಸರೆಂದಾದರೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾನೆ.

ನಮ್ಮ ಹಳ್ಳಿಯ ಜನ ಈ ತೊಡಕನ್ನು ಭಾಷಣವಿಲ್ಲದೆ ಬಿಡಿಸಿಕೊಂಡಿದ್ದಾರೆ. ಮಂಜೇಶ್ವರದ ಉದ್ಯಾವರದಲ್ಲಿ ಅರಸು ಮಂಜಿಷ್ಣಾರ್ ದೈವಗಳ ವಾರ್ಷಿಕ ಉತ್ಸವಕ್ಕೆ ಮುನ್ನ, ಒಂದು ಶುಕ್ರವಾರ, ದೈವದ ಪಾತ್ರಿಗಳು ಪರಿವಾರ ಸಮೇತ ಅಲ್ಲಿನ ಜಮಾಅತ್ ಮಸೀದಿಗೆ ಹೋಗುತ್ತಾರೆ. ಜಮಾಅತಿನ ಹಿರಿಯರು ಎದುರುಗೊಳ್ಳುತ್ತಾರೆ. ಉತ್ಸವಕ್ಕೆ ಆಮಂತ್ರಣವಾಗುತ್ತದೆ. ದೈವ ತಾನು ಅಲ್ಲಾಹನೆಂದು ಹೇಳುವುದಿಲ್ಲ, ಪಳ್ಳಿಯವರು ಅಲ್ಲಾಹನನ್ನು ಮಂಜಿಷ್ಣಾರ್ ಎನ್ನುವುದಿಲ್ಲ. ಕರೆಯಲು ಹೋಗುವುದು ನೆರೆಯವರನ್ನು, ನೆರೆಯವರ ಮನೆಬಾಗಿಲಿಗೆ. ತೆಂಕಣ ಭಾಗದಲ್ಲಿ ಮುತ್ತಪ್ಪನ್ ತೆಯ್ಯಂ ತನ್ನೆದುರು ನಿಂತ ಮುಸಲ್ಮಾನರನ್ನು ‘ಮಾಡಾಯಿ ನಗರೇ’ ಎಂದು ಸಂಬೋಧಿಸುತ್ತದೆ. ಮಾಡಾಯಿ ಎಂಬುದು ಕಣ್ಣೂರು ಕಡೆಯ ಪುರಾತನ ಪಳ್ಳಿಯ ಊರು. ಅವರ ಮತಕ್ಕೆ ಹೆಸರಿಡದೆ, ತನ್ನ ಹೆಸರನ್ನು ಅವರ ಮೇಲೆ ಹೇರದೆ, ಅವರ ಊರಿನಿಂದ, ಅವರ ಹಿರಿಮೆಯಿಂದ ಅವರನ್ನು ಕರೆಯುವ ಜಾಣ್ಮೆ ಅದು. ಇಲ್ಲಿ ದೇವರೇ ಮನುಷ್ಯನನ್ನು ಸಂಬೋಧಿಸುವುದು. ಸರಿಯಾದ ಹೆಸರು ಹುಡುಕುವ ಹೊಣೆ ದೇವರ ಮೇಲೆ ಬಿದ್ದಿದೆ.

ಎರಡು ಭಾಷೆಗಳ ನಡುವೆ ಬದುಕುವವರಿಗೆ ಈ ಹೊಣೆ ಕಾಗದದ ಮೇಲೂ ಬರುತ್ತದೆ. ಮಲಯಾಳಂ ಕಥೆಯೊಂದನ್ನು ಕನ್ನಡಕ್ಕೆ ತರುವಾಗ ಮಾಪಿಳ್ಳೆ ಹೆಂಗಸೊಬ್ಬಳು ಮಗನ ಸಾವಿನ ಸುದ್ದಿ ಕೇಳಿ ‘ಎನ್ಟೆ ಪಡಚ್ಚೋನೇ’ ಎಂದು ಕೂಗುವ ಸಾಲು ಬಂತೆನ್ನಿ. ಏನು ಬರೆಯುವುದು? ‘ದೇವರೇ’ ಎಂದರೆ ಅವಳು ನಮ್ಮ ಅಗ್ರಹಾರದ ಹೆಂಗಸಾಗುತ್ತಾಳೆ. ‘ಅಲ್ಲಾ’ ಎಂದರೆ ತಪ್ಪಲ್ಲ. ಆದರೆ ಅಲ್ಲಾ ಎನ್ನಲು ಅವಳಿಗೂ ಬರುತ್ತಿತ್ತು, ಆ ಕ್ಷಣದಲ್ಲಿ ಅವಳು ಹಾಗೆನ್ನಲಿಲ್ಲ. ನಮಾಜಿನ ಅರಬ್ಬಿಯನ್ನು ಬಿಟ್ಟು ತಾಯಿ ಕಲಿಸಿದ ಮಾತಿಗೆ ಬಂದಳು. ‘ಸೃಷ್ಟಿಕರ್ತನೇ’ ಎಂಬುದು ಅರ್ಥಕ್ಕೆ ಅತ್ಯಂತ ಸಮೀಪ. ಆದರೆ ಎದೆ ಬಡಿದುಕೊಂಡು ಅಳುವಾಗ ಸೃಷ್ಟಿಕರ್ತನೇ ಎನ್ನುವ ತಾಯಿಯನ್ನು ಯಾರೂ ಕಂಡಿಲ್ಲ. ಶಬ್ದದ ಬೇರನ್ನು ಹುಡುಕಿದರೆ ಪಡಚ್ಚೋನ್ ಎಂದರೆ ಪಡೆದವನು, ಉಂಟುಮಾಡಿದವನು. ನಮ್ಮ ಹಡೆದವ್ವನ ‘ಹಡೆ’ ಅದರ ಒಡಹುಟ್ಟು. ಎಷ್ಟು ಚೆಂದ, ‘ನನ್ನ ಹಡೆದವನೇ’ ಎಂದು ಬರೆಯೋಣವೆಂದು ಕೈ ತುಡಿಯುತ್ತದೆ. ಅಲ್ಲಿಯೇ ಅಪಾಯ. ದೇವರು ಯಾರನ್ನೂ ಹಡೆದವನಲ್ಲ, ಯಾರಿಂದಲೂ ಹುಟ್ಟಿದವನಲ್ಲ ಎಂಬುದು ಆ ಹೆಂಗಸು ದಿನವೂ ನಮಾಜಿನಲ್ಲಿ ನೆನೆಯುವ ನಂಬಿಕೆಯ ತಿರುಳು. ಕನ್ನಡದ ಅತ್ಯಂತ ಆಪ್ತವಾದ ಪದ ಅವಳ ಬಾಯಿಂದ ಅವಳು ಎಂದೂ ಹೇಳದ ಮಾತನ್ನು ಹೇಳಿಸುತ್ತದೆ.

ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿ 2023ರಲ್ಲಿ ನಮ್ಮನ್ನಗಲಿದ ಸಾರಾ ಅಬೂಬಕ್ಕರ್ ಅವರು ಇಂತಹ ಮನೆಗಳ ಬದುಕನ್ನು ಕನ್ನಡದಲ್ಲಿ ಬರೆದರು, ಮಲಯಾಳಂನಿಂದ ಅನುವಾದವನ್ನೂ ಮಾಡಿದರು. ಕನ್ನಡದ ಓದುಗ ತನಗೆ ಗೊತ್ತಿಲ್ಲದ ಪದ ಬಂದರೆ ಪುಸ್ತಕ ಮುಚ್ಚುವುದಿಲ್ಲ ಎಂಬುದು ಅವರಂಥವರ ಬರಹದಿಂದ ನಮಗೆ ತಿಳಿದಿದೆ. ನಾನಾದರೆ ಆ ಸಾಲಿನಲ್ಲಿ ‘ನನ್ನ ಪಡಚ್ಚೋನೇ’ ಎಂದೇ ಬರೆದು, ಕೆಳಗೆ ಅಡಿಟಿಪ್ಪಣಿ ಹಾಕದೆ, ಮುಂದಿನ ಸಾಲಿಗೆ ಹೋಗುತ್ತೇನೆ.